ಚೌಕ ದ್ವೀಪಕ್ಕೆ ಬರುವ ಮೋಡ

ಆವಿ ಎಡಕ್ಕೆ ವಾಲುತ್ತಿದೆ, ಲೋಟದ ಬಾಯಿಂದೆದ್ದು ಒಂದು ಗೇಣು ನೆಟ್ಟಗೆ ಹೋಗಿ ಆಮೇಲೆ ಯಾರೋ ಕೂಗಿ ಕರೆದ ಹಾಗೆ ಎಡಕ್ಕೆ — ಕರೆದದ್ದು ಚಾವಣಿಯ ತಣ್ಣನೆ ಗಾಳಿಯ ಕಿಂಡಿ, ಅಷ್ಟೇ, ಬೆರಗಾಗಲು ಏನಿದೆ ಇದರಲ್ಲಿ, ಹದಿನೇಳು ವರ್ಷದಿಂದ ಗಾಳಿಯನ್ನೂ ಆವಿಯನ್ನೂ ಲೆಕ್ಕಕ್ಕೆ ಇಳಿಸಿ ಹವಾಮಾನ ಲೆಕ್ಕಹಾಕುವ ಯಂತ್ರದ ಬಾಯಿಗೆ ಹಾಕುವುದೇ ಅವಳ ಹೊಟ್ಟೆಪಾಡು, ಆದರೂ ಚಹಾ ಕುಡಿಯುವುದು ಬಿಟ್ಟು ಚಹಾದ ಆವಿ ನೋಡುತ್ತ ಕೂರುವ ಚಾಳಿ ಹೋಗಿಲ್ಲ, ನಿನಗ್ಯಾಕೆ ಚಹಾ, ಬಿಸಿನೀರು ಕೊಟ್ರೂ ನೋಡ್ಕೊಂಡೇ ಕೂತಿರ್ತೀಯ ಅಂತ ಮನೆಯಲ್ಲಿ ಅವನು ನಗುತ್ತಾನೆ, ಅವಳ ಗಂಡ, ಲಿಫ್ಟ್ ರಿಪೇರಿಯವನು, ಮೇಲೆ ಹೋದದ್ದು ಕೆಳಗೆ ಬರುವುದರಲ್ಲಿ ಅವನಿಗೆ ಯಾವ ಅಚ್ಚರಿಯೂ ಇಲ್ಲ — ಲೋಟದಾಚೆ ಪರದೆ, ಪರದೆಯ ಮೇಲೆ ಒಂದು ಸಾಲು, ಸಾಲಿನ ಕೊನೆಗೆ ಒಂದು ಸಂಖ್ಯೆ, ಸಂಖ್ಯೆಯ ಪಕ್ಕ ಮಿಣುಕುವ ಕಡ್ಡಿ, ಮಿಣುಕು, ಮಿಣುಕು, ಏನು ಮಾಡ್ತೀಯ, ಏನು ಮಾಡ್ತೀಯ. ಸಾವಿರದ ಎಂಟುನೂರ ನಲವತ್ತು. ಅದನ್ನು ಅಳಿಸಿ ಸೊನ್ನೆ ಹಾಕಬೇಕು. ಬೆರಳಿಗೆ ಹೇಳಿದರೆ ಬೆರಳು ಮಾಡುತ್ತದೆ, ಊಟದ ಹೊತ್ತು ಮುಗಿದ ಕೂಡಲೇ ಹೊಸ ಯಂತ್ರ ಪೂರ್ತಿಯಾಗಿ ಇವರ ಕೈಗೆ ಬರುತ್ತದೆ, ಅಷ್ಟರಲ್ಲಿ ತಯಾರಾಗದಿದ್ದರೆ ಸರದಿ ಮುಂದಿನವರಿಗೆ, ಮತ್ತೆ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು, ಎಲ್ಲ ಗೊತ್ತು, ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆದರೂ ಬೆರಳು ಲೋಟದ ಮೇಲೇ ಇದೆ, ಲೋಟ ಬೆಚ್ಚಗಿದೆ.

ಬೆಳಿಗ್ಗೆ ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು — ಗೋಡೆಯಗಲದ ಪರದೆಯ ಮೇಲೆ ಹೊಸ ಯಂತ್ರದ ಮೊದಲ ಪರೀಕ್ಷೆ, ಲೆಕ್ಕದ ಭೂಮಿಯ ಒಂದೇ ಒಂದು ದಿನ, ಚದುರಂಗದ ಹಾಸಿನ ಹಾಗೆ ಭೂಮಿಯನ್ನು ಚೌಕ ಚೌಕ ಕತ್ತರಿಸಿಟ್ಟಿದೆ, ಒಂದೊಂದು ಚೌಕಕ್ಕೂ ಇವರ ಬಾಯಲ್ಲಿ ಮನೆ ಎಂದೇ ಹೆಸರು, ಹಳೆಯ ಯಂತ್ರದಲ್ಲಿ ಒಂದು ಮನೆ ನೂರು ಕಿಲೋಮೀಟರ್ ಅಗಲ, ಊರು ಕೆರೆ ಕಾಡು ಎಲ್ಲ ಸೇರಿ ಒಂದೇ ಮನೆ, ಹೊಸದರಲ್ಲಿ ಹತ್ತೇ ಕಿಲೋಮೀಟರ್, ಹಳೆಯ ಒಂದು ಮನೆಯ ಜಾಗದಲ್ಲಿ ಈಗ ನೂರು ಮನೆ, ಪ್ರತಿ ಮನೆಯೂ ಪಕ್ಕದ ಮನೆಯನ್ನು ಕೇಳುತ್ತದೆ, ನಿಮ್ಮಲ್ಲಿ ಗಾಳಿ ಹೇಗೆ, ಸೆಕೆ ಎಷ್ಟು, ತೇವ ಎಷ್ಟು, ಕೇಳಿಕೊಂಡು ತನ್ನ ಲೆಕ್ಕ ತಾನು ಮಾಡಿ ಮತ್ತೆ ಕೇಳುತ್ತದೆ, ಅಷ್ಟೇ, ಇಡೀ ಭೂಮಿಯನ್ನು ಬಲ್ಲ ಮನೆ ಒಂದೂ ಇಲ್ಲ, ಬಿರುಗಾಳಿ ಎದ್ದೇಳು ಎಂದು ಪ್ರೋಗ್ರಾಮಿನ ಲಕ್ಷಾಂತರ ಸಾಲುಗಳಲ್ಲಿ ಎಲ್ಲೂ ಯಾರೂ ಬರೆದಿಲ್ಲ — ಆದರೂ ಏಳುತ್ತದೆ, ಸುತ್ತುತ್ತದೆ, ನಡುವೆ ಕಣ್ಣು ಬಿಡುತ್ತದೆ, ಹೇಳಿಕೊಟ್ಟವರಿಲ್ಲ ಕಲಿಸಿದವರಿಲ್ಲ, ಬರೀ ಕೂಡಿಸು ಕಳೆ ಗುಣಿಸುಗಳ ಒಳಗಿಂದ ಗಾಳಿ ತನ್ನಷ್ಟಕ್ಕೆ ತಾನು ಗಾಳಿಯಾಗುತ್ತದೆ, ಮೊದಲ ಸಲ ನೋಡಿದಾಗ ಅವಳ ಮೈ ಜುಮ್ಮೆಂದಿತ್ತು, ಇವತ್ತು ಬೆಳಿಗ್ಗೆಯೂ ಎಂದಿತು, ಅಷ್ಟರಲ್ಲಿ ಗಡಿಬಿಡಿ ಕೂಗಿದ. ಗಡಿಬಿಡಿ ಎಂದರೆ ಪಕ್ಕದ ಮೇಜಿನವನು, ಎರಡೂ ಕಾಲಿಗೆ ಬೇರೆ ಬೇರೆ ಸಾಕ್ಸ್ ಹಾಕಿಕೊಂಡು ಬರುವವನು, ಇವಳನ್ನು ಅಕ್ಕಾ ಎನ್ನುವವನು, ಅಯ್ಯಯ್ಯೋ ಯಾರ್ರೀ ಇದು ನಡು ಸಮುದ್ರದಲ್ಲಿ ಸೈಟು ಮಾಡಿರೋದು, ಕಾರ್ನರ್ ಸೈಟಿದ್ರೆ ನನಗೊಂದು ಹೇಳ್ರಪ್ಪಾ. ನಿಜ, ದೊಡ್ಡ ಸಮುದ್ರದ ಖಾಲಿ ನಡುವಿನಲ್ಲಿ, ಸಾವಿರ ಮೈಲಿ ಸುತ್ತ ಏನೂ ಇಲ್ಲದ ಕಡೆ, ಅಡಿಕೋಲು ಇಟ್ಟು ಗೆರೆ ಎಳೆದಂತೆ ಚೌಕವಾದ ದ್ವೀಪ, ಕೊಲ್ಲಿಯಿಲ್ಲ ದಡವಿಲ್ಲ, ನಾಲ್ಕೂ ಕಡೆ ಗೋಡೆಯ ಹಾಗೆ ಎದ್ದು ನಿಂತ ನೆಲ, ಅದರ ಮೇಲೆ ಒಂದು ಬಿಳೀ ಮೋಡ. ಹಳೆಯ ಯಂತ್ರದಲ್ಲಿ ಇದು ಒಂದೇ ಒಂದು ಚುಕ್ಕೆಯಾಗಿದ್ದಿರಬೇಕು, ಕಂಡವರೂ ಎಲ್ಲೋ ಒಂದು ದ್ವೀಪ ಇರಬಹುದು ಅಂದುಕೊಂಡು ಸುಮ್ಮನಾಗಿರಬೇಕು, ದೂರದ ಬೆಟ್ಟ ನುಣ್ಣಗೆ, ಹತ್ತಿರ ಹೋದಾಗ ತಾನೆ ಅದು ಚೌಕ ಎಂದು ಕಂಡದ್ದು. ಎಲ್ಲರೂ ನಕ್ಕರು, ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎತ್ತರ ಎಷ್ಟಿದೆ ನೋಡು ಅಂದರು ಮೇಡಂ, ಮೂವತ್ತು ವರ್ಷ ಸಮುದ್ರದ ಲೆಕ್ಕದಲ್ಲೇ ತಲೆ ನರೆಸಿಕೊಂಡವರು, ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡು ಆಮೇಲೆ ಅದನ್ನೇ ಹುಡುಕುವವರು, ಗಡಿಬಿಡಿ ಬಗ್ಗಿ ನೋಡಿ ಓದಿದ, ಸಾವಿರದ ಎಂಟುನೂರ ನಲವತ್ತು ಮೀಟರ್ ಮೇಡಂ, ಮೂಲೆಯಿಂದ ಮೂಲೆಗೆ ಒಂದೇ ಸಮ — ಅವಳ ನಗು ಅರ್ಧದಲ್ಲೇ ನಿಂತಿತು, ಹೊಟ್ಟೆಯ ಮೇಲಿದ್ದ ಕೈ ಅಲ್ಲೇ ಉಳಿಯಿತು, ಅವತ್ತಿನ ಏಳು ತಿಂಗಳ ಹೊಟ್ಟೆಯ ಮೇಲೆ ತಣ್ಣನೆ ಜೆಲ್ಲು, ಡಾಕ್ಟರಮ್ಮ ಕೈಯಲ್ಲಿನ ಸಾಧನವನ್ನು ಅತ್ತಿತ್ತ ಜಾರಿಸುತ್ತಿದ್ದಾರೆ, ಕಪ್ಪು ಪರದೆಯಲ್ಲಿ ಬೂದು ಮೋಡದ ಹಾಗೆ ಏನೋ ಹೊರಳುತ್ತಿದೆ, ಸಾವಿರದ ಎಂಟುನೂರ ನಲವತ್ತು ಗ್ರಾಮ್ ಇದೆ ನೋಡಮ್ಮ, ಒಳ್ಳೇ ತೂಕ, ಇನ್ನೇನು ಎರಡು ತಿಂಗಳು ತಾನೆ, ಆರಾಮಾಗಿರು. ಅವತ್ತು ಆರಾಮಾಗಿಯೇ ಕಚೇರಿಗೆ ಬಂದಿದ್ದಳು, ಹೊಟ್ಟೆ ಮೇಜಿಗೆ ತಾಗುತ್ತಿತ್ತು, ಬೆಟ್ಟಕ್ಕೆ ಗಾಳಿ ಬಡಿದರೆ ಏನಾಗಬೇಕು ಎಂಬ ಭಾಗವನ್ನು ಹೊಸದಾಗಿ ಬರೆದು ಮುಗಿಸಿದ್ದಳು, ಪರೀಕ್ಷೆಗೆ ಒಂದು ಬೆಟ್ಟ ಬೇಕಿತ್ತು, ಎಲ್ಲಿಡುವುದು, ಯಾರಿಗೂ ಅಡ್ಡವಾಗದ ಕಡೆ ಇಡೋಣ, ಸಮುದ್ರದ ನಡುವಿನ ಒಂದು ಮನೆಯನ್ನು ನೆಲ ಎಂದು ಗುರುತು ಮಾಡಿದಳು, ಎತ್ತರ ಎಷ್ಟು ಕೊಡುವುದು, ಬೆರಳು ಯೋಚನೆ ಮಾಡಲೇ ಇಲ್ಲ, ಕಿವಿಯಲ್ಲಿದ್ದ ಸಂಖ್ಯೆಯನ್ನು ಒತ್ತಿಬಿಟ್ಟಿತು, ಬದಿಯಲ್ಲಿ ತನಗೆ ತಾನೇ ಒಂದು ಮಾತು ಬರೆದಿಟ್ಟಳು, ಆ ಮಾತು ಇಗೋ ಈಗಲೂ ಪರದೆಯ ಮೇಲಿದೆ, ಪರೀಕ್ಷೆಗೆ ಮಾತ್ರ, ನಾಳೆ ತೆಗೆಯುವುದು. ನಾಳೆ. ಐದು ವರ್ಷವಾಯಿತು ಆ ನಾಳೆಗೆ. ಇವತ್ತು ಬೆಳಿಗ್ಗೆ ಮೇಡಂ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದ್ದರು, ಯಾರು ಇಟ್ರು ಅನ್ನೋ ಪಂಚಾಯಿತಿ ಬೇಡ, ಯಾರು ತೆಗೀತೀರಿ ಅದನ್ನ ಹೇಳಿ — ಅದು ಇಲ್ಲಿನ ರೂಢಿ, ತಪ್ಪಿಗೆ ತಂದೆತಾಯಿ ಹುಡುಕುವ ಹಾಗಿಲ್ಲ — ನಾನು ತೆಗೀತೀನಿ ಎಂದಿತು ಅವಳ ಬಾಯಿ, ಅಷ್ಟು ಬೇಗ ಎಂದದ್ದಕ್ಕೆ ಗಡಿಬಿಡಿಯೂ ತಿರುಗಿ ನೋಡಿದ.

ಆ ನಾಳೆ ಬೆಳಿಗ್ಗೆ ಒದೆತ ನಿಂತಿತ್ತು. ದಿನಾ ಎದ್ದ ಕೂಡಲೇ ಗಂಡ ಹೊಟ್ಟೆಗೆ ಕಿವಿ ಇಟ್ಟು, ಏನಮ್ಮಾ ಮೇಲಕ್ಕಾ ಕೆಳಕ್ಕಾ, ಯಾವ ಮಹಡಿ ಅಂತ ಕೇಳುತ್ತಿದ್ದ, ಒಂದು ಒದೆತ ಬರುತ್ತಿತ್ತು, ಅವತ್ತು ಬರಲಿಲ್ಲ, ನಿದ್ದೆ ಮಾಡ್ತಿರಬೇಕು ಎಂದ, ಹೂಂ ನಿದ್ದೆ ಎಂದಳು, ಅದೇ ಕೋಣೆ ಅದೇ ಜೆಲ್ಲು ಅದೇ ಡಾಕ್ಟರಮ್ಮ, ಆದರೆ ಯಾವ ಸಂಖ್ಯೆಯನ್ನೂ ಹೇಳಲಿಲ್ಲ, ಪರದೆಯನ್ನು ಮೆಲ್ಲಗೆ ಆಚೆ ತಿರುಗಿಸಿದರು. ಹೆಣ್ಣು. ತಲೆತುಂಬ ಕೂದಲಿತ್ತು, ಅಷ್ಟು ಕಂಡಳು, ಆಮೇಲೆ ಅವನು ಬಿಳೀ ಬಟ್ಟೆಯಲ್ಲಿ ಎತ್ತಿಕೊಂಡು ಹೋದ, ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ, ಒಂದು ಹೆಸರಿಲ್ಲ ಒಂದು ಫೋಟೊ ಇಲ್ಲ, ಇನ್ನೊಂದಾಗುತ್ತೆ ಬಿಡು ಮಗಳೇ ಎಂದರು ಅಮ್ಮ, ಆಗಲಿಲ್ಲ, ಆಮೇಲಾಮೇಲೆ ಅಮ್ಮನೂ ಆ ಮಾತು ಎತ್ತಲಿಲ್ಲ, ಮನೆಯಲ್ಲಿ ಮೂರು ಜನ ಮಾತನಾಡದ ಒಂದು ಮಾತು ಅಷ್ಟು ದೊಡ್ಡ ಜಾಗ ಹಿಡಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಹಾಸಿಗೆಯಲ್ಲಿ ಗೋಡೆ ನೋಡುತ್ತ ಮಲಗಿದ್ದ ಆ ವಾರಗಳಲ್ಲಿ ಇಲ್ಲಿ ಗಡಿಬಿಡಿ, ಪಾಪ, ಅಕ್ಕನ ಕೆಲಸ ಅರ್ಧಕ್ಕೆ ನಿಲ್ಲಬಾರದು ಎಂದು ಅವಳ ಮೇಜಿನಲ್ಲಿದ್ದದ್ದನ್ನೆಲ್ಲ ಬಾಚಿ ಮುಖ್ಯ ಪ್ರೋಗ್ರಾಮಿಗೆ ಸೇರಿಸಿದ, ರಜೆಗೆ ಹೋದವರ ಕೆಲಸವನ್ನು ಉಳಿದವರು ದಡ ಮುಟ್ಟಿಸುವುದು ಇಲ್ಲಿನ ಇನ್ನೊಂದು ರೂಢಿ, ಪರೀಕ್ಷೆ ಪಾಸಾಗಿತ್ತು, ಬದಿಯ ಮಾತನ್ನು ಓದುವ ತಾಳ್ಮೆ ಅವನಿಗೆಲ್ಲಿ, ಕಾಳಿನ ಜೊತೆ ಕಲ್ಲೂ ಮೂಟೆಗೆ ಬಿತ್ತು, ವಾಪಸು ಬಂದಾಗ ನಿಮ್ದೆಲ್ಲ ಸೇರಿಸಿಬಿಟ್ಟಿದ್ದೀನಿ ಅಕ್ಕಾ, ಒಂದೂ ಬಿಟ್ಟಿಲ್ಲ ಎಂದ, ಕಣ್ಣು ತುಂಬಿಕೊಂಡು ಎಂದ, ಅವಳು ಥ್ಯಾಂಕ್ಸ್ ಎಂದಳು. ನಿಜವಾಗಿಯೂ ಒಂದೂ ಬಿಟ್ಟಿರಲಿಲ್ಲ. ಅವನ ಮೇಲೆ ಸಿಟ್ಟು ಬರುತ್ತದೇನೋ ಎಂದು ಬೆಳಗಿನಿಂದ ಕಾಯುತ್ತಿದ್ದಾಳೆ, ಬರುತ್ತಿಲ್ಲ, ಬರುತ್ತಿರುವುದು ಬೇರೆ ಏನೋ.

ಆ ಬೇರೆ ಏನೋ ಎಂಬುದಕ್ಕೆ ಹೆಸರು ಸಿಕ್ಕಿದ್ದು ಮೇಡಂ ಜೊತೆ ಕಾರಿಡಾರಿನಲ್ಲಿ ನಡೆಯುವಾಗ, ನೆಲದ ಜಾಲರಿಯಿಂದ ಯಂತ್ರದ ಕೋಣೆಯ ತಣ್ಣನೆ ಗಾಳಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಹಳೇ ಫಲಿತಾಂಶ ಎಲ್ಲ ಹಾಳಾಯ್ತಾ ಮೇಡಂ ಎಂದು ಕೇಳಿದಳು, ಏನೂ ಆಗಲ್ಲ ಕಣಮ್ಮ, ಇಷ್ಟು ದೊಡ್ಡ ಸಮುದ್ರದಲ್ಲಿ ಒಂದು ಮನೆ, ಸರಾಸರಿಗೆ ಅದು ಲೆಕ್ಕಕ್ಕೇ ಇಲ್ಲ, ಒಂದು ಟಿಪ್ಪಣಿ ಹಾಕೋಣ, ಆದ್ರೆ — ಎಂದು ನಿಂತು ಕೊರಳಿನ ಕನ್ನಡಕ ಹುಡುಕಿಕೊಂಡರು — ಬಿಡಿ ಬಿಡಿಯಾಗಿ ನೋಡಿದ್ರೆ ಬೇರೆ ಮಾತು, ಗಾಳಿ ದಾರೀಲಿ ಒಂದು ಕಲ್ಲಿಟ್ರೂ ತಿಂಗಳೊಪ್ಪತ್ತಲ್ಲಿ ಇಡೀ ಭೂಮಿಗೆ ಸುದ್ದಿ ಮುಟ್ಟುತ್ತೆ, ಅದು ಇಲ್ದೇ ಇದ್ದಿದ್ರೆ ಯಾವ ಬಿರುಗಾಳೀನೂ ಅದೇ ದಿನ ಅದೇ ಜಾಗಕ್ಕೆ ಬರ್ತಿರ್ಲಿಲ್ಲ, ಯಾವ ಮಳೇನೂ. ಹೇಳಿ ಹೋದರು. ಅವಳು ಜಾಲರಿಯ ಮೇಲೆ ನಿಂತೇ ಇದ್ದಳು. ಗೊತ್ತಿದ್ದ ಮಾತೇ, ಹೊಸಬರಿಗೆ ತಾನೇ ಪಾಠ ಮಾಡುವ ಮಾತು, ಆದರೆ ಹೀಗೆ ಕೇಳಿರಲಿಲ್ಲ — ಐದು ವರ್ಷದಲ್ಲಿ ಎಷ್ಟು ಸಲ ಆ ಲೆಕ್ಕದ ಭೂಮಿಯನ್ನು ಓಡಿಸಿದ್ದೇವೆ, ಒಂದೊಂದು ಓಟಕ್ಕೂ ನೂರು ಇನ್ನೂರು ವರ್ಷ, ಎಲ್ಲ ಕೂಡಿಸಿದರೆ ಸಾವಿರಾರು ವರ್ಷ, ಆ ಸಾವಿರಾರು ವರ್ಷದ ಪ್ರತಿ ಬೆಳಿಗ್ಗೆ ಸೂರ್ಯ ಹುಟ್ಟಿ ಸುತ್ತಲಿನ ನೀರಿಗಿಂತ ಮೊದಲು ಆ ನೆಲ ಬೆಚ್ಚಗಾಗಿದೆ, ಬೆಚ್ಚಗಾದ ಗಾಳಿ ಎದ್ದಿದೆ, ಎದ್ದ ಕಡೆಗೆ ಸಮುದ್ರದ ತೇವ ನಾಲ್ಕೂ ದಿಕ್ಕಿನಿಂದ ಸರಿದು ಬಂದಿದೆ, ಮಧ್ಯಾಹ್ನ ಒಂದು ಮೋಡ, ಬಂದು ನಿಂತು ಸುರಿದು ಹೋಗಿದೆ, ಮರುದಿನ ಮತ್ತೆ ಬಂದಿದೆ, ಅವಳು ಬರೆದದ್ದು ಎತ್ತರ ಮಾತ್ರ, ಮೋಡ ಬರಲಿ ಎಂದು ಬರೆದಿರಲಿಲ್ಲ, ಬೆಟ್ಟ ಇತ್ತು, ಬಂತು. ತಾಯಿ ಮರೆತಿದ್ದಳು, ಮೋಡ ಮರೆತಿರಲಿಲ್ಲ. ಅಲ್ಲಿಂದ ಹೊರಟ ಗಾಳಿ ಪಕ್ಕದ ಮನೆಗೆ ಹೇಳಿ, ಅದು ಅದರ ಪಕ್ಕಕ್ಕೆ ಹೇಳಿ, ಆ ಜಗತ್ತಿನಲ್ಲಿ ಅವಳ ಮಗಳನ್ನು ಮುಟ್ಟದೆ ಸುರಿದ ಮಳೆ ಒಂದೂ ಇಲ್ಲ, ಒಂದು ಹನಿಯೂ ಇಲ್ಲ. ದೇವರೇ, ಎಂದಳು ಬಾಯಿಬಿಟ್ಟು, ಅಷ್ಟು ದೊಡ್ಡದಾಗಿ ಯಾರು ಬದುಕಿದ್ದಾರೆ.

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು, ಮಾಡಬಾರದು ಎಂದುಕೊಳ್ಳುವಷ್ಟರಲ್ಲಿ ಮಾಡಿಯಾಗಿತ್ತು, ಹೇಳು, ಲಿಫ್ಟಿನ ಶಾಫ್ಟ್‌ನೊಳಗಿದ್ದೀನಿ ಎಂದ, ದನಿ ಬಾವಿಯೊಳಗಿಂದ ಬಂದ ಹಾಗೆ, ಅವನ ಹಿಂದೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು, ಅವಳು ದ್ವೀಪದ ಕಥೆಯನ್ನು ತಲೆಬುಡವಿಲ್ಲದೆ ಹೇಳಿದಳು, ಬೆಟ್ಟ, ಪರೀಕ್ಷೆ, ಚೌಕ, ಸೈಟು ಅಂತ ನಕ್ಕರು ಕಣ್ರೀ ಎಂದೂ ಹೇಳಿದಳು, ಅವನೂ ನಕ್ಕ, ಅದಕ್ಕೇನೀಗ, ತೆಗೆದು ಬಿಸಾಕು ಎಂದ, ಎತ್ತರ ಸಾವಿರದ ಎಂಟುನೂರ ನಲವತ್ತು ಇಟ್ಟಿದ್ದೆ ಎಂದಳು. ತೊಟ್ಟು. ತೊಟ್ಟು. ಗ್ರಾಮು, ಎಂದ ಅವನು. ಅಂದರೆ ಅವನೂ ಇಟ್ಟುಕೊಂಡಿದ್ದ, ಐದು ವರ್ಷ ಅದೇ ಸಂಖ್ಯೆಯನ್ನು ತಿಂಡಿ ಡಬ್ಬಿಯ ಜೊತೆ ಕೆಲಸಕ್ಕೆ ಒಯ್ದು ವಾಪಸು ತಂದಿದ್ದ, ಒಂದೇ ಹಾಸಿಗೆಯಲ್ಲಿ ಇಬ್ಬರೂ ಬೆನ್ನು ತಿರುಗಿಸಿ ಒಂದೇ ಲೆಕ್ಕವನ್ನು ಬೇರೆ ಬೇರೆ ಇಟ್ಟುಕೊಂಡು ಮಲಗಿದ್ದರು. ಅಲ್ಲಿ ಮಳೆ ಬರುತ್ತಾ ಎಂದು ಕೇಳಿದ, ಆ ಪ್ರಶ್ನೆಯನ್ನು ಅವನು ಕೇಳಿಯಾನೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ, ಬರುತ್ತೆ, ದಿನಾ, ಮಧ್ಯಾಹ್ನದ ಹೊತ್ತು, ದಿನಾನಾ, ಹೂಂ ದಿನಾ, ಒಂದು ಮೋಡ ಬರುತ್ತೆ. ಮತ್ತೆ ತೊಟ್ಟು. ಹಾಗಾದ್ರೆ ಒಬ್ಬಳೇ ಇರ್ಲಿಲ್ಲ ಬಿಡು, ಎಂದ. ಅವಳು ಗೋಡೆಗೆ ಹಣೆಯಿಟ್ಟು ಅತ್ತಳು, ಅಳು ಬಂದದ್ದು ದುಃಖಕ್ಕಲ್ಲ, ಒಬ್ಬಳೇ ಎಂಬ ಆ ಒಂದು ಮಾತಿಗೆ, ಅಷ್ಟು ವರ್ಷ ಅದು ಎಂದಾಗಲಿ ಅವಳು ಎಂದಾಗಲಿ ಕರೆಸಿಕೊಳ್ಳದೆ ಉಳಿದಿದ್ದ ಮಗಳು ಶಾಫ್ಟ್‌ನ ಕತ್ತಲೊಳಗಿಂದ ಒಬ್ಬಳಾಗಿ ಬಂದಿದ್ದಳು. ತೆಗೀಲೇಬೇಕಾ ಎಂದ, ತೆಗೀಲೇಬೇಕು ರೀ, ಇಲ್ಲದ ಬೆಟ್ಟ ಇಟ್ಕೊಂಡು ನಾಳೆಯ ಮಳೆ ಎಷ್ಟು ಅಂತ ಜನಕ್ಕೆ ಹೇಳೋಕಾಗಲ್ಲ. ಸರಿ, ನೀನೇ ತೆಗಿ, ಬೇರೆಯವರ ಕೈಲಿ ತೆಗೆಸ್ಬೇಡ. ಅವತ್ತು ನಾನೇ ಎತ್ಕೊಂಡ್ ಹೋಗಿದ್ದೆ, ಬೇರೆಯವರ ಕೈಗೆ ಕೊಟ್ಟಿರ್ಲಿಲ್ಲ, ಸಂಜೆ ಹೇಳ್ತೀನಿ ಎಲ್ಲಿಗೆ ಅಂತ.

ಆವಿ ನಿಂತಿದೆ, ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿದೆ, ಬೆರಳು ಲೋಟದಿಂದ ಬಂದು ಸಂಖ್ಯೆಯ ಮೇಲೆ ನಿಂತಿತು, ಸೊನ್ನೆಯನ್ನಳಿಸಿದಳು, ನಾಲ್ಕನ್ನು, ಎಂಟನ್ನು, ಕೊನೆಗುಳಿದ ಒಂದನ್ನು ಸ್ವಲ್ಪ ಹೊತ್ತು ನೋಡಿದಳು, ಅದನ್ನೂ. ಸೊನ್ನೆ. ನೆಲ ಎಂಬ ಗುರುತನ್ನೂ ನಾಳೆ ತೆಗೆಯುವುದು ಎಂಬ ಮಾತನ್ನೂ ಅಳಿಸಿದಳು, ನಾಳೆ ಬಂದಾಯಿತು. ಈಗ ಅಲ್ಲಿ ನೆಲವಿಲ್ಲ, ಆದರೆ ನೀರೂ ಇಲ್ಲ, ಇಷ್ಟು ವರ್ಷ ನೆಲವಾಗಿದ್ದ ಕಡೆ ಸಮುದ್ರಕ್ಕೆ ತನ್ನದೆಂಬ ಬಿಸಿಯೂ ಇಲ್ಲ ಉಪ್ಪೂ ಇಲ್ಲ, ಬರೀ ಒಂದು ತೂತು, ತೂತನ್ನು ತುಂಬುವ ದಾರಿ ಒಂದೇ, ಅಕ್ಕಪಕ್ಕದ ಮನೆಗಳನ್ನು ಕೇಳುವುದು, ನಿಮ್ಮ ನೀರು ಹೇಗಿದೆ ಅಂಥದ್ದೇ ಇಲ್ಲಿಗೂ ಒಂದಿಷ್ಟು ಕೊಡಿ, ಅಂಚಿನ ಮನೆಗಳು ಮೊದಲು ತುಂಬುತ್ತವೆ, ಅವುಗಳಿಂದ ಅದರೊಳಗಿನವು, ಸುತ್ತು ಸುತ್ತಾಗಿ ಒಳಕ್ಕೆ, ಅವಳು ಹಾಸಿಗೆ ಹಿಡಿದಿದ್ದಾಗಲೂ ಹೀಗೇ, ಬಾಗಿಲ ಬಳಿ ಮೊದಲು ಯಾರೋ ಬಂದು ನಿಂತರು, ಆಮೇಲೆ ಕುರ್ಚಿಗೆ ಬಂದರು, ಆಮೇಲೆ ಹಾಸಿಗೆಯ ಅಂಚಿಗೆ, ತೀರ ಒಳಗಿನದಕ್ಕೆ ಮಾತ್ರ ಇವತ್ತಿನ ತನಕ ಯಾರೂ ತಲುಪಿರಲಿಲ್ಲ. ಪರದೆಯ ಮೇಲೆ ನಡುವಿನ ನಾಲ್ಕು ಮನೆಗಳಿಗೂ ನೀರು ಬಂತು. ಏನಕ್ಕಾ ಆಯ್ತಾ, ಗಡಿಬಿಡಿ ಬಾಯಿ ಒರೆಸಿಕೊಳ್ಳುತ್ತ ಊಟದಿಂದ ಬಂದ, ಒಂದು ಕಾಲು ನೀಲಿ ಒಂದು ಕಾಲು ಬೂದು, ಆಯ್ತಪ್ಪ, ಬಿಡು ಶುರು ಮಾಡೋಣ.

ಕೆಳಗೆಲ್ಲೋ ಯಂತ್ರದ ಸದ್ದು ಒಂದು ಮಟ್ಟ ಏರಿತು, ಸಾವಿರಾರು ಫ್ಯಾನುಗಳು ಒಟ್ಟಿಗೆ ಉಸಿರೆಳೆದುಕೊಂಡವು, ನೆಲ ಸಣ್ಣಗೆ ನಡುಗಿತು, ಪ್ರತಿ ಸಲ ನಡುಗುತ್ತದೆ, ಪ್ರತಿ ಸಲ ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಾಳೆ, ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಭೂಮಿ ತಿರುಗಲು ಶುರುವಾಗುವಾಗ ಚಪ್ಪಲಿ ಹಾಕಿಕೊಂಡಿರಬಾರದು ಅನ್ನಿಸುತ್ತದೆ, ಅಷ್ಟೇ — ಗೋಡೆಯಗಲ ಬೆಳಕಾಯಿತು, ಮೊದಲ ಚಿತ್ರ, ಹಳೆಯ ಓಟ ನಿಂತ ಗಳಿಗೆಯಿಂದಲೇ ಹೊಸದು ಮುಂದುವರಿಯಬೇಕು, ಆ ಗಳಿಗೆಯಲ್ಲಿ ದೊಡ್ಡ ಸಮುದ್ರದ ನಡುವೆ ಮಧ್ಯಾಹ್ನ, ಅವಳ ಕಣ್ಣು ಬೇರೆಲ್ಲೂ ಹೋಗದೆ ನೇರ ಅಲ್ಲಿಗೇ ಹೋಯಿತು, ದ್ವೀಪ ಇಲ್ಲ, ಚೌಕ ಇಲ್ಲ, ನೀಲಿ, ಒಂದೇ ನೀಲಿ, ಹೊಲಿಗೆಯೂ ಕಾಣದ ಹಾಗೆ ನೀರು ನೀರಿಗೆ ಸೇರಿದೆ, ಒಳ್ಳೇ ಕೆಲಸ, ಎಂದುಕೊಂಡಳು, ಅಷ್ಟರಲ್ಲಿ ಗಡಿಬಿಡಿ ಅರೆ ಅಕ್ಕಾ ಎಂದ, ನೀವು ತೆಗೆದ್ರಿ ತಾನೆ, ಮತ್ತೆ ಇದು — ಅವಳಿಗೆ ತಿಳಿಯಿತು, ಅವನಿಗೂ ಇನ್ನೊಂದು ಕ್ಷಣದಲ್ಲಿ ತಿಳಿಯುತ್ತದೆ, ನೆಲಕ್ಕೆ ಹೇಳಿದ್ದಳು, ನೀರಿಗೆ ಹೇಳಿದ್ದಳು, ಗಾಳಿಗೆ ಹೇಳಿರಲಿಲ್ಲ, ಗಾಳಿಗೆ ಹೇಳುವ ರೂಢಿಯೂ ಇಲ್ಲ, ಹಳೆಯ ಓಟದ ಗಾಳಿಯನ್ನೇ ಹೊಸದಕ್ಕೂ ಕೊಡುತ್ತಾರೆ, ಒಂದೆರಡು ದಿನದಲ್ಲಿ ಅದು ತಾನಾಗಿ ತಿಳಿದುಕೊಂಡು ಚದುರಿಹೋಗುತ್ತದೆ, ನಾಳೆ ಇರುವುದಿಲ್ಲ, ಸಂಜೆಗೇ ಇರುವುದಿಲ್ಲವೇನೋ, ಆದರೆ ಈಗ, ಬೆಟ್ಟವಿಲ್ಲದ ನೀಲಿಯ ಮೇಲೆ, ಬೆಟ್ಟವಿದ್ದಷ್ಟೇ ಅಗಲಕ್ಕೆ, ನಾಲ್ಕೂ ಮೂಲೆ ಇನ್ನೂ ಹಾಗೇ ಇಟ್ಟುಕೊಂಡು, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ, ಮೋಡ ಬಂದಿದೆ, ಕೆಳಗೆ ನೋಡುತ್ತಿರುವ ಹಾಗೆ, ಬಂದು ನಿಂತಿದೆ, ಮೋಡ ನಿಂತಿದೆ.